ಪೀಠಿಕೆ ಮೆಟ್ಟಿಲಿಳಿದದ್ದು

ಅವನ ನಿಜವಾದ ಹೆಸರು ವಿಶ್ವವಿದ್ಯಾಲಯದ ಗುರುತಿನ ಚೀಟಿಯಲ್ಲಿತ್ತು. ಆ ಚೀಟಿ ಕಳೆದುಹೋಗಿದೆ. ಎಲ್ಲರೂ ಅವನನ್ನು ಕರೆಯುವುದು ‘ಪೀಠಿಕೆ’ ಅಂತ. ಒಂದು ಲೋಟ ನೀರು ಕೇಳಬೇಕಾದರೂ ಅವನು ಬಾಯಾರಿಕೆಯ ಹಿನ್ನೆಲೆಯಿಂದ ಶುರುಮಾಡುವವನು. ಬಸ್ಸಿನಲ್ಲಿ ಎಲ್ಲಿಗೆ ಟಿಕೆಟ್ಟು ಅಂತ ಹೇಳಿ ಮುಗಿಸುವಷ್ಟರಲ್ಲಿ ಇಳಿಯುವ ಸ್ಟಾಪು ಹಿಂದೆ ಉಳಿದಿರುತ್ತಿತ್ತು. ಸ್ವಭಾವ ಒಳ್ಳೆಯದು, ಯಾರ ತಂಟೆಗೂ ಹೋಗುವವನಲ್ಲ. ತಂಟೆಗೆ ಹೋಗಬೇಕಾದರೂ ಮೊದಲು ವಿಷಯಕ್ಕೆ ಬರಬೇಕಲ್ಲ.

ಪಿಎಚ್.ಡಿ.ಗೆ ಸೇರಿ ಎರಡು ವರ್ಷ ಹನ್ನೊಂದು ತಿಂಗಳಾಗಿತ್ತು. ಬರೆದದ್ದು ಸೊನ್ನೆ. ಮೊದಲ ವರ್ಷ ಅವನ ವಿಷಯ ‘ಮನುಷ್ಯ ಮತ್ತು ನೆಲೆ’. ಮಾರ್ಗದರ್ಶಕಿ ಮೇಡಂ ಕನ್ನಡಕ ತೆಗೆದು, “ಸ್ವಲ್ಪ ಕೆಳಗಿಳಿ” ಅಂದರು. ಆರು ತಿಂಗಳು ಬಿಟ್ಟು ‘ಮನುಷ್ಯ ಮತ್ತು ನಗರ’ ತಂದ. “ಇನ್ನೂ ಇಳಿ.” ‘ನಗರದಲ್ಲಿ ಕಟ್ಟಡ.’ “ಇನ್ನೂ.” ತಲೆ ಕೆಟ್ಟು ಮೇಡಂ ಕೋಣೆಯಿಂದ ಹೊರಗೆ ಬಂದು ಮೆಟ್ಟಿಲಿಳಿಯುವಾಗ ಕಾಲ ಕೆಳಗೆ ಕಂಡದ್ದನ್ನೇ ಹಿಡಿದುಕೊಂಡು ವಾಪಸು ಓಡಿದ: ‘ಬಹುಮಹಡಿ ಕಟ್ಟಡಗಳಲ್ಲಿ ಮೆಟ್ಟಿಲ ಬಳಕೆ’. ಮೇಡಂ, “ಸದ್ಯ! ಇಲ್ಲೇ ನಿಲ್ಲು” ಅಂದರು. ಅವನು ಗುರುವಾಕ್ಯ ಮೀರುವವನಲ್ಲ. ಹನ್ನೊಂದು ತಿಂಗಳು ಅಲ್ಲೇ ನಿಂತ.

ಒಂದು ಗುರುವಾರ ವಿಭಾಗದಿಂದ ಪತ್ರ ಬಂತು. ಸಂಶೋಧನೆಯ ರೂಪರೇಷೆಯನ್ನೂ ಈವರೆಗಿನ ಅಧ್ಯಯನಗಳ ಸಮೀಕ್ಷೆಯನ್ನೂ ಸೋಮವಾರ ಸಂಜೆ ನಾಲ್ಕು ಗಂಟೆಯೊಳಗೆ ಖುದ್ದಾಗಿ ಸಲ್ಲಿಸಬೇಕು, ತಪ್ಪಿದರೆ ನೋಂದಣಿ ರದ್ದು, ಇನ್ನು ಗಡುವು ವಿಸ್ತರಣೆಯಿಲ್ಲ.

ಪತ್ರವನ್ನು ಅಕ್ಕ ಓದಿದಳು. ಅವನು ಇದ್ದದ್ದು ಅಕ್ಕನ ಮನೆಯಲ್ಲಿ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಅಕ್ಕ ಓದಿ ಭಾವನಿಗೆ ಕೊಟ್ಟಳು. ಭಾವನದ್ದು ನಲ್ಲಿ-ಪೈಪಿನ ಅಂಗಡಿ. ಭಾವ ಕೆಟ್ಟವನಲ್ಲ. ಪತ್ರವನ್ನು ನೀಟಾಗಿ ಮಡಚಿ ಹೇಳಿದ: “ಬೇಜಾರು ಮಾಡ್ಕೋಬೇಡ ಕಣೋ. ಕೌಂಟರ್ ಪಕ್ಕ ಒಂದು ಎತ್ತರದ ಸ್ಟೂಲ್ ಹಾಕ್ಸಿದ್ದೀನಿ. ಬೆಂಕಿಪೊಟ್ಟಣದ ಥರ ಗಟ್ಟಿ. ಮಂಗಳವಾರದಿಂದ ಬಂದು ಕೂತ್ಕೋ.”

“ಬೆಂಕಿಪೊಟ್ಟಣ ಎಲ್ಲಿ ಗಟ್ಟಿ ಇರುತ್ತೆ ರೀ?” ಅಂದಳು ಅಕ್ಕ.

“ಮಾತಿಗೆ ಹೇಳಿದೆ. ಅರ್ಧ ಇಂಚು, ಮುಕ್ಕಾಲು ಇಂಚು ಇವೆರಡು ಗೊತ್ತಾದ್ರೆ ಸಾಕು, ಮೂರು ವರ್ಷ ಬೇಡ. ಮೂರು ದಿನ.”

ಪೀಠಿಕೆಗೆ ಅಂದಿನಿಂದ ಎಲ್ಲಿ ನೋಡಿದರೂ ಸ್ಟೂಲು ಕಾಣತೊಡಗಿತು.

ಶುಕ್ರವಾರ ಮೇಡಂ ಬಳಿಗೆ ಓಡಿದ. ಕೈಯಲ್ಲಿ ಒಂದು ಪಟ್ಟಿ. ಎಂಟು ತಿಂಗಳಿನಿಂದ ಲೈಬ್ರರಿಗೆ ವಾಪಸು ಮಾಡದೆ ಮಂಚದ ಕೆಳಗಿಟ್ಟಿದ್ದ ಹನ್ನೊಂದು ಪುಸ್ತಕಗಳ ಬಗ್ಗೆ ಅವನು ಬರೆದುಕೊಂಡಿದ್ದ ಟಿಪ್ಪಣಿ. ಮೇಡಂ ಮೊದಲನೆಯದನ್ನು ಗಟ್ಟಿಯಾಗಿ ಓದಿದರು: “‘ಹಸಿರು ರಟ್ಟು. ಮುನ್ನೂರ ಹನ್ನೆರಡು ಪುಟ. ಉತ್ತಮ ಕೃತಿ.’ ಎರಡನೇದು, ‘ನೀಲಿ ರಟ್ಟು. ಇದೂ ಉತ್ತಮ ಕೃತಿ.’ ಇದೇನಪ್ಪ, ಸೀರೆ ಅಂಗಡಿ ಪಟ್ಟಿನಾ?”

“ಮೇಡಂ, ಓದು ಎನ್ನುವ ಪ್ರಕ್ರಿಯೆಯನ್ನು ಒಟ್ಟಾರೆಯಾಗಿ ನೋಡಿದಾಗ...”

“ನೋಡ್ಬೇಡ. ನಿಲ್ಸು. ಹನ್ನೊಂದು ಜನ ಒಂದು ಕೋಣೇಲಿ ಕೂತಿದ್ದಾರೆ ಅಂದ್ಕೋ. ಒಬ್ಬೊಬ್ಬರ ಎತ್ತರ ತೂಕ ನನಗೆ ಬೇಡ. ಯಾರು ಯಾರ ಜೊತೆ ಜಗಳ ಆಡ್ತಿದ್ದಾರೆ, ಯಾರು ಯಾರ ಪರ, ಯಾವ ಮಾತು ಯಾರೂ ಎತ್ತಿಲ್ಲ, ಅದು ಹೇಳು. ಒಂದೊಂದು ಮಾತನ್ನೂ ಒಂದೊಂದು ಚೀಟಿ ಮೇಲೆ ಬರಿ. ಗೋಡೆಗೆ ಅಂಟಿಸು. ಅಲ್ಲಿಂದಿಲ್ಲಿ, ಇಲ್ಲಿಂದಲ್ಲಿ ಬದಲಾಯಿಸ್ತಾ ಹೋಗು. ಶೀರ್ಷಿಕೆ ಕೊನೆಗೆ ಇಡು, ಇಲ್ದಿದ್ರೆ ನೀನು ಶೀರ್ಷಿಕೆ ಇಡೋದ್ರಲ್ಲೇ ನಿವೃತ್ತಿ ಆಗ್ತೀಯ.”

ಅವನಿಗೆ ಇದರಲ್ಲಿ ಸ್ಪಷ್ಟವಾಗಿ ಅರ್ಥವಾದದ್ದು ಎರಡು: ಗೋಡೆ ಬೇಕು, ಶೀರ್ಷಿಕೆ ಬೇಡ. ಮುಂದಿನದಕ್ಕೆಲ್ಲ ಈ ಎರಡೇ ಕಾರಣ.

ಶನಿವಾರ ಬೆಳಿಗ್ಗೆ ಮನೆಯ ಗೋಡೆಗೆ ಮೊದಲ ಚೀಟಿ ಅಂಟಿಸುವಾಗಲೇ ಅಕ್ಕ ಅಡುಗೆಮನೆಯಿಂದ ಕೂಗಿದಳು: “ಮೊನ್ನೆ ಬಣ್ಣ ಹೊಡ್ಸಿದ್ದು! ಅಂಟು ಮುಟ್ಟಿಸಿದ್ರೆ ಕೈ ಮುರೀತೀನಿ!” ಗೋಡೆಯಿಲ್ಲದ ಪಂಡಿತ ಬಾಗಿಲು ತೆರೆದು ಹೊರಗೆ ಬಂದ.

ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ಮೆಟ್ಟಿಲು ಹೊರಳಿಕೊಳ್ಳುವ ಕಡೆ ಎರಡು ಮಂಚ ಹಿಡಿಯುವಷ್ಟು ಸಪಾಟು ಜಾಗವಿತ್ತು. ಎಲ್ಲರೂ ಅದನ್ನು ತಿರುವು ಅನ್ನುತ್ತಿದ್ದರು. ಒಂದು ಕಿಟಕಿ, ಕಿಟಕಿಯ ಕೆಳಗೆ ಎರಡನೇ ಮಹಡಿಯ ಟೈಲರಮ್ಮನ ಹೊಲಿಗೆ ಯಂತ್ರ, ಎದುರಿಗೆ ಬೋಳು ಗೋಡೆ. ಟೈಲರಮ್ಮ ಹೊಲಿದ ಬಟ್ಟೆ ಕೊಡಲು ಹೊರಗೆ ಹೋಗಿದ್ದಳು. ಪೀಠಿಕೆ ಐದು ದೊಡ್ಡ ಹಾಳೆಗಳ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಸಾಲಾಗಿ ಅಂಟಿಸಿದ:

ಸಮಸ್ಯೆ.
ಈವರೆಗೆ ಯಾರು ಏನು ಹೇಳಿದ್ದಾರೆ.
ಯಾರೂ ಹೇಳದೆ ಬಿಟ್ಟದ್ದು.
ಏನು ಮಾಡುತ್ತೇವೆ.
ಕೊನೆಯ ದಿನ: ಸೋಮವಾರ, ಸಂಜೆ ನಾಲ್ಕು ಗಂಟೆ.

ಪುಸ್ತಕ ಓದಿರಲಿಲ್ಲವಾದ್ದರಿಂದ ಎರಡು, ಮೂರು, ನಾಲ್ಕರ ಕೆಳಗೆ ಖಾಲಿ ಚೀಟಿಗಳನ್ನೇ ಹಚ್ಚಿದ. ಮೊದಲನೆಯದರ ಕೆಳಗೆ ಮಾತ್ರ ಉದಾಹರಣೆಗಳು ಧಾರಾಳವಾಗಿ ಸಿಕ್ಕವು, ಕಣ್ಣೆದುರೇ ಇದ್ದವಲ್ಲ. ‘ತಿರುವಿನಲ್ಲಿ ಖಾಸಗಿ ದುಡಿಮೆ: ಹೊಲಿಗೆ ಯಂತ್ರ.’ ‘ವಾರಸುದಾರರಿಲ್ಲದ ಸೈಕಲ್.’ ‘ಮೂರನೇ ಮಹಡಿ ದಾಟಿದ ಮೇಲೆ ಆರು ರಟ್ಟಿನ ಪೆಟ್ಟಿಗೆ.’ ಪೆಟ್ಟಿಗೆಗಳು ಭಾವನ ನಲ್ಲಿಗಳದ್ದು. ಸಂಶೋಧಕ ನಿಷ್ಪಕ್ಷಪಾತಿಯಾಗಿರಬೇಕು ಎಂದು ಎಲ್ಲೋ ಕೇಳಿದ್ದ.

ಅಂಟಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ, ಕೆಲಸ ಮುಕ್ಕಾಲು ಮುಗಿಯಿತೆಂದು ಮಲಗಲು ಹೋದ. ಎಲ್ಲೂ ‘ಸಂಶೋಧನೆ’ ಎಂಬ ಒಂದು ಪದವಿರಲಿಲ್ಲ. ಅದು ಶೀರ್ಷಿಕೆಯಲ್ಲಿ ಬರಬೇಕಾದದ್ದು.

ಹನ್ನೊಂದು ಗಂಟೆಗೆ ಬಾಗಿಲು ಮುರಿಯುವ ಹಾಗೆ ಬಡಿತ.

“ಯಾವನೋ ಅವನು ನನ್ನ ಮಷೀನನ್ನ ಗೋಡೆ ಮೇಲೆ ಬರ್ದಿರೋನು?” ಟೈಲರಮ್ಮನ ಕುತ್ತಿಗೆಯಲ್ಲಿ ಅಳತೆ ಟೇಪು ಹಾವಿನ ಹಾಗೆ ಜೋತಾಡುತ್ತಿತ್ತು. “ಹತ್ತು ವರ್ಷ! ಹತ್ತು ವರ್ಷದಿಂದ ಅಲ್ಲಿ ಕೂತು ಈ ಕಟ್ಟಡದೋರ ಮಾನ ಮುಚ್ಚಿದ್ದೀನಿ. ನಿನ್ನ ಪ್ಯಾಂಟು ಉದ್ದ ಮಾಡಿ ಕೊಟ್ಟೋಳು ಯಾರೋ? ಸೋಮವಾರ ನಾಲ್ಕು ಗಂಟೆಗೆ ನನ್ನ ಎತ್ತಿ ಬಿಸಾಕ್ತೀಯಾ?”

“ನೋಡಿ, ಇದನ್ನು ಅರ್ಥ ಮಾಡಿಕೊಳ್ಳಬೇಕಾದರೆ, ಮನುಷ್ಯ ಮೊದಲು ಒಂದೇ ಕಡೆ ನೆಲೆ ನಿಂತಾಗ...”

“ನಾನು ನಿಂತಿರೋ ನೆಲೆ ಹೋಗ್ತಾ ಇದೆ, ನಿಂಗೆ ಮನುಷ್ಯನ ಚಿಂತೆ!”

ಅವನು ಮನುಷ್ಯನನ್ನು ಗುಹೆಯಿಂದ ಹೊರಗೆ ತರುವಷ್ಟರಲ್ಲಿ ಟೈಲರಮ್ಮ ಮೆಟ್ಟಿಲಿಳಿದು, ಖಾಲಿ ಚೀಟಿಯೊಂದರ ಮೇಲೆ ಬಟ್ಟೆಗೆ ಗುರುತು ಹಾಕುವ ಬಣ್ಣದ ಸೀಮೆಸುಣ್ಣದಿಂದ ಬರೆದು ಮುಗಿಸಿದ್ದಳು: ‘ಬೆಳಕಿದೆ, ಇಲ್ಲೇ ಕೂತ್ಕೋ ಅಂತ ಹಳೇ ಸೆಕ್ರೆಟರಿ ಹೇಳಿದ್ದಾರೆ.’ ಬರೆದದ್ದು ಎರಡನೇ ಶೀರ್ಷಿಕೆಯ ಕೆಳಗೆ. ಯಾರು ಏನು ಹೇಳಿದ್ದಾರೆ ಅಂತ ಗೋಡೆಯೇ ಕೇಳಿತ್ತಲ್ಲ.

ಆ ಚೀಟಿ ನೋಡಿದ್ದು ನೆಲಮಹಡಿಯ ನಿವೃತ್ತ ಬೆಂಚ್ ಕ್ಲರ್ಕು. ಮೂವತ್ತೈದು ವರ್ಷ ನ್ಯಾಯಾಲಯದಲ್ಲಿ ನ್ಯಾಯಾಧೀಶರ ಕೆಳಗಿನ ಮೇಜಿನಲ್ಲಿ ಕೂತು, ಇಡೀ ನ್ಯಾಯವನ್ನು ತಾವೇ ನಡೆಸಿದ್ದೆಂದು ನಂಬಿದವರು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಹೆಂಡತಿ ಯಾವ ವಿಚಾರಣೆಗೂ ಹಾಜರಾಗುತ್ತಿರಲಿಲ್ಲ. ಚೀಟಿ ನೋಡಿದ ತಕ್ಷಣ ಅವರ ಬೆನ್ನು ನೆಟ್ಟಗಾಯಿತು.

“ಯಾವ ತಾರೀಕು ಹೇಳಿದ್ದು? ಯಾರ ಸಮಕ್ಷಮ? ಹೀಗೆ ಬಾಯಿಗೆ ಬಂದಿದ್ದನ್ನೆಲ್ಲ ಹಚ್ಚೋಕೆ ಇದೇನು ಸಿನಿಮಾ ಪೋಸ್ಟರ್ ಗೋಡೆನಾ? ಹೇಳಿದೋರ ಹೆಸರು, ವರ್ಷ, ಎಲ್ಲಿ ಹೇಳಿದ್ದು, ಮೂರೂ ಇಲ್ದಿದ್ರೆ ಚೀಟಿ ದಾಖಲಾಗಲ್ಲ.”

ಕೆಂಪು ಪೆನ್ನು ತಂದರು. ಪ್ರತಿ ಚೀಟಿಗೂ ಮೂಲೆಯಲ್ಲಿ ಕ್ರಮಸಂಖ್ಯೆ ಬಿತ್ತು. ಯಂತ್ರ ಇರಲಿ ಎನ್ನುವವರದ್ದು ಎಡಕ್ಕೆ, ಹೋಗಲಿ ಎನ್ನುವವರದ್ದು ಬಲಕ್ಕೆ. ಮೂರು ವರ್ಷ ವಿಶ್ವವಿದ್ಯಾಲಯ ಕಲಿಸಲಾಗದ್ದನ್ನು ಅವರು ಕಾಲು ಗಂಟೆಯಲ್ಲಿ ಗೋಡೆಗೆ ಕಲಿಸಿದರು. ಆಗ ಪೀಠಿಕೆ ಮತ್ತೆ ಮಲಗಿದ್ದ.

ಇನ್ನು ಕಟ್ಟಡದ ಸಂಘದ ಈಗಿನ ಸೆಕ್ರೆಟರಿ. ನಾಲ್ಕನೇ ಮಹಡಿ. ಕೆಲಸ ಲಿಫ್ಟ್ ಕಂಪನಿಯಲ್ಲಿ. ಲಿಫ್ಟಿಲ್ಲದ ಕಟ್ಟಡದ ನಾಲ್ಕನೇ ಮಹಡಿಗೆ ದಿನಕ್ಕೆರಡು ಸಲ ಹತ್ತಿ ಹತ್ತಿ ಅವರಿಗೆ ಮನುಕುಲದ ಮೇಲೆಯೇ ಒಂದು ಅನುಮಾನ ಬಂದಿತ್ತು. ಗೋಡೆ ನೋಡಿದರು. ದಪ್ಪ ಅಕ್ಷರ, ಸಮಸ್ಯೆ, ಗಡುವು, ಕ್ರಮಸಂಖ್ಯೆ. ಯಾವ ಕಚೇರಿಯದ್ದೆಂಬ ಹೆಸರಿಲ್ಲ. ಹೆಸರಿಲ್ಲದ ಕಾಗದ ಬರುವುದು ತೀರಾ ಮೇಲಿನಿಂದಲೇ ಎಂಬುದು ಅವರ ಅನುಭವ. ಅಕ್ಕನನ್ನು ಮೆಟ್ಟಿಲ ಮೇಲೆ ತಡೆದು ಪಿಸುಗುಟ್ಟಿದರು: “ನಿಮ್ಮ ತಮ್ಮ ಯಾವ ಡಿಪಾರ್ಟ್‌ಮೆಂಟಮ್ಮ? ಮೂರು ವರ್ಷದಿಂದ ಏನೂ ಮಾಡದೆ ಕೂತಿದ್ದಾನೆ ಅಂದ್ರೆ ಸುಮ್ನೆ ಕೂತಿರೋ ಹುಡುಗ ಅಲ್ಲ. ಗಮನಿಸ್ತಾ ಇದ್ದಾನೆ.”

ಅಕ್ಕ, “ಅವನಾ? ಅವನು ನಮ್ಮನೆ ಹಾಲು ಉಕ್ಕೋದನ್ನೂ ಗಮನಿಸಲ್ಲ” ಅಂದಳು.

“ಹೇಳಬಾರದು ಅಂತ ಇರುತ್ತೆ ಬಿಡಿ, ಅರ್ಥ ಆಗುತ್ತೆ” ಅಂದರು ಸೆಕ್ರೆಟರಿ. ಮೇಲಿನವರು ಬಂದು ಕೇಳುವ ಮೊದಲೇ ತಾವು ಎಚ್ಚರವಾಗಿದ್ದೆವೆಂದು ತೋರಿಸಬೇಕಿತ್ತು. ಅಂದು ಮಧ್ಯಾಹ್ನವೇ ಹೋಗಿ, ತಮ್ಮದೇ ಕಟ್ಟಡದ ಮೇಲೆ ಅಗ್ನಿಶಾಮಕ ಕಚೇರಿಗೆ ಒಂದು ದೂರು ಕೊಟ್ಟು ಬಂದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂತಾರಲ್ಲ, ಇವರು ಕೂಸಿಲ್ಲದ ಮನೆಗೆ ವೈದ್ಯರನ್ನೇ ಕರೆಸಿದರು.

ಸಂಜೆ ಭಾವ ಅಂಗಡಿಯಿಂದ ಬಂದವನು ತಿರುವಿನಲ್ಲಿ ನಿಂತು ಗೋಡೆ ಓದಿದ. ಮನೆಗೆ ಬಂದು ಚಪ್ಪಲಿಯನ್ನೂ ಬಿಡಲಿಲ್ಲ.

“ಆರು ಪೆಟ್ಟಿಗೆ ಅಂತ ಎಣಿಸಿ ಬರ್ದಿದ್ದೀಯಲ್ಲೋ. ಉಂಡ ಮನೆ ಜಂತೆ ಎಣಿಸೋದು ಅಂತ ಕೇಳಿದ್ದೆ, ಇವತ್ತು ಕಣ್ಣಾರೆ ಕಂಡೆ.”

“ಭಾವ, ವಸ್ತು ಮತ್ತು ಸ್ಥಳದ ಸಂಬಂಧವನ್ನು ಐತಿಹಾಸಿಕವಾಗಿ...”

“ಸ್ಟೂಲು ರೆಡಿ ಇದೆ” ಅಂದ ಭಾವ.

ಭಾನುವಾರ ಹತ್ತು ಗಂಟೆಗೆ ಪೀಠಿಕೆ ಹಲ್ಲುಜ್ಜುತ್ತಾ ಬಾಗಿಲು ತೆರೆದರೆ, ಮೆಟ್ಟಿಲ ತುಂಬ ಜನ. ಮೇಲಿನ ಮೆಟ್ಟಿಲುಗಳಲ್ಲಿ ಸೆಕ್ರೆಟರಿಯ ಕಡೆಯವರು, ಕೆಳಗಿನವುಗಳಲ್ಲಿ ಟೈಲರಮ್ಮನ ಕಡೆಯವರು, ನಡುವೆ ತಿರುವಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಬೆಂಚ್ ಕ್ಲರ್ಕು. ಗೋಡೆಯ ಮೇಲೆ ಈಗ ತೊಂಬತ್ತು ಚೀಟಿ.

“ಬಾರಪ್ಪಾ, ನಿನಗೇ ಕಾಯ್ತಿದ್ವಿ” ಅಂದರು ಕ್ಲರ್ಕು. “ಕಟ್ಟಡದೋರ ಹೇಳಿಕೆ ಎಲ್ಲಾ ದಾಖಲಾಗಿದೆ. ಹೊರಗಿನ ಸಾಕ್ಷಿ ಯಾರಾದ್ರೂ ಇದ್ದಾರಾ?”

ಪೀಠಿಕೆಯ ಬಾಯಿ ತುಂಬ ನೊರೆ. ಅದು ಆ ದಿನದ ದೊಡ್ಡ ಅದೃಷ್ಟ. ಪೀಠಿಕೆ ಹಾಕಲಾಗದೆ ಅವನು ಎರಡೇ ಪದ ಹೇಳಿದ: “ಪುಸ್ತಕ ಇವೆ.”

“ಕರೆಸು.”

ಹತ್ತು ಪುಸ್ತಕ ಮಂಚದ ಕೆಳಗಿಂದ ಬಂದವು. ಹನ್ನೊಂದನೆಯದು ಎಲ್ಲಕ್ಕಿಂತ ದಪ್ಪ. ಅದನ್ನು ಅಕ್ಕ ಮಂಚದ ಕುಂಟ ಕಾಲಿಗೆ ಆಸರೆ ಕೊಟ್ಟಿದ್ದಳು. ಎಳೆದ ಕೂಡಲೇ ಮಂಚ ವಾಲಿ, ಮಲಗಿದ್ದ ಭಾವ ನೆಲಕ್ಕೆ ಬಂದ.

ಮೊದಲ ಸಾಕ್ಷಿ ಹಸಿರು ರಟ್ಟಿನವರು. ಪೀಠಿಕೆ ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಆ ಪುಸ್ತಕ ಬಿಡಿಸಿದ. ಹಾಳೆಗಳು ಕಿರುಗುಟ್ಟಿದವು. “ಮೆಟ್ಟಿಲು ನಡೆದಾಡಲು ಮಾತ್ರ, ಬೇರೆ ಬಳಕೆ ಅಪಾಯ ಅಂತ ಹೇಳ್ತಾರೆ.”

“ಹೇಳ್ಲಿಲ್ವಾ ನಾನು!” ಸೆಕ್ರೆಟರಿ ಎದ್ದು ನಿಂತರು. “ಪುಸ್ತಕದಲ್ಲೇ ಇದೆ!”

“ಕೂತ್ಕೊಳ್ಳಿ. ಎಷ್ಟು ಕಟ್ಟಡ ನೋಡಿ ಹೇಳಿದ್ದು?” ಕ್ಲರ್ಕು ಕೇಳಿದರು.

ಪೀಠಿಕೆ ಹುಡುಕಿದ. “ಐದು.”

“ಯಾರನ್ನ ಕೇಳಿದ್ದಾರೆ?”

ಇನ್ನೂ ಹುಡುಕಿದ. “ಕಟ್ಟಡಗಳ ಮಾಲೀಕರನ್ನ.”

“ಮೆಟ್ಟಿಲಲ್ಲಿ ಕೂತು ಕೆಲ್ಸ ಮಾಡೋರನ್ನ?” ಟೈಲರಮ್ಮ ಕೇಳಿದಳು.

“...ಕೇಳಿಲ್ಲ.”

“ಚೆನ್ನಾಯ್ತು! ಅಂಗಿ ಹಾಕ್ಕೊಳ್ಳೋನ್ನ ಬಿಟ್ಟು ಪಕ್ಕದ ಮನೆಯೋನ ಎದೆ ಅಳತೆ ತಗೊಂಡ ಹಾಗಾಯ್ತು. ಆ ಅಂಗಿ ಯಾರಿಗೆ ಆಗುತ್ತೆ?”

ಕ್ಲರ್ಕು ಬರೆಸಿದರು: ‘ಹಸಿರು. ಐದೇ ಕಟ್ಟಡ. ಮಾಲೀಕರ ಮಾತು ಮಾತ್ರ.’ ಚೀಟಿ ಬಲಕ್ಕೆ ಹೋಯಿತು, ಆದರೆ ಸ್ವಲ್ಪ ಕೆಳಗೆ.

ಎರಡನೆಯವರು ನೀಲಿ ರಟ್ಟು. ಮೆಟ್ಟಿಲಲ್ಲಿ ಜನ ಕೂತು ಕೆಲಸ ಮಾಡುತ್ತಿದ್ದರೆ ಕಳ್ಳಕಾಕರ ಭಯವಿಲ್ಲ, ನೆರೆಹೊರೆ ಬೆಳೆಯುತ್ತದೆ ಎಂದು ಅವರ ವಾದ. ಟೈಲರಮ್ಮನ ಕಡೆ ಚಪ್ಪಾಳೆ. ಸೆಕ್ರೆಟರಿ ಸುಮ್ಮನಿರುವವರಲ್ಲ. “ಯಾವ ಕಾಲದ ಮಾತು ಅದು? ವರ್ಷ ನೋಡು, ವರ್ಷ!”

“ನಲವತ್ತು ವರ್ಷ ಹಿಂದಿನದು.”

“ಆಗ ಕಟ್ಟಡಕ್ಕೆ ಎಷ್ಟು ಮಹಡಿ ಇರ್ತಿತ್ತು? ಎರಡು! ಎರಡು ಮಹಡಿ ಹತ್ತಿ ಹೇಳೋದು ಸುಲಭ. ನಾಲ್ಕು ಹತ್ತಿ ಹೇಳ್ಲಿ ನೋಡೋಣ!”

‘ನೀಲಿ. ಹಳೆಯದು. ಕಡಿಮೆ ಎತ್ತರದ ಕಟ್ಟಡ.’ ಅದೂ ದಾಖಲಾಯಿತು. ದಪ್ಪನೆಯವರಿಗೆ ಅಭಿಪ್ರಾಯವೇ ಇರಲಿಲ್ಲ, ಬರೀ ಕೋಷ್ಟಕ. “ಮಂಚಕ್ಕೇ ಲಾಯಕ್ಕು” ಅಂದ ಭಾವ, ಸೊಂಟ ಹಿಡಿದುಕೊಂಡು.

ಹೀಗೆ ಮಧ್ಯಾಹ್ನವಾಯಿತು. ಊಟ ಮಾಡಿ ಬಂದು ಮತ್ತೆ ಕೂತರು. ಪೀಠಿಕೆ ಪುಟ ತಿರುಗಿಸುತ್ತ, ಕೇಳಿದ್ದಕ್ಕೆ ಉತ್ತರ ಹುಡುಕುತ್ತ, ಬರೆಯುತ್ತ ಬೆವರಿದ. ಅರ್ಧ ತಾಸು ಬಿಟ್ಟು ಹಸಿರು ಪುಸ್ತಕದ ಅಡಿಟಿಪ್ಪಣಿಯೊಂದರ ಮೇಲೆ ಅವನ ಬೆರಳು ನಿಂತಿತು. ಕಣ್ಣು ಅರಳಿತು.

“ಇವರಿಬ್ಬರಿಗೂ ಜಗಳ ಇದೆ!” ಎಂದು ಕೂಗಿದ. “ಹಸಿರಿನವರು ಬರೆದಿರೋದೇ ನೀಲಿಯವರಿಗೆ ಉತ್ತರ ಕೊಡೋಕೆ!”

ಯಾರೂ ಕೇಳದೆ ಅವನ ಬಾಯಿಂದ ಹಿನ್ನೆಲೆಯಿಲ್ಲದ ವಾಕ್ಯ ಬಂದದ್ದನ್ನು ಆ ಕಟ್ಟಡದವರು ಕೇಳಿದ್ದು ಅದೇ ಮೊದಲು. ಅಕ್ಕ ಮೆಟ್ಟಿಲಿಳಿದು ಬಂದು ಅವನ ಹಣೆ ಮುಟ್ಟಿ ನೋಡಿದಳು, ಜ್ವರವಿರಲಿಲ್ಲ. ಟೈಲರಮ್ಮ ಕೆಂಪು ದಾರ ತಂದು ಎರಡು ಚೀಟಿಗಳಿಗೂ ಗುಂಡುಪಿನ್ನು ಚುಚ್ಚಿ, ಹಸಿರಿಂದ ನೀಲಿಗೆ ಎಳೆದು ಕಟ್ಟಿದಳು. “ಜಗಳ ಅಂದ್ರೆ ಕಣ್ಣಿಗೆ ಕಾಣ್ಬೇಕು.”

ಸಂಜೆಗೆ ನೂರ ನಲವತ್ತು ಚೀಟಿ, ಇಪ್ಪತ್ತಮೂರು ದಾರ. ಕೊನೆಗೆ ಕ್ಲರ್ಕು ಕನ್ನಡಕ ಏರಿಸಿ ಕೇಳಿದರು: “ಎಲ್ಲಾ ಸರಿ. ವಿವಾದ ಇರೋದು ಈ ತಿರುವಿನ ಬಗ್ಗೆ. ಈ ಹನ್ನೊಂದು ಜನದಲ್ಲಿ ತಿರುವಿನ ಬಗ್ಗೆ ಯಾರು ಏನು ಹೇಳಿದ್ದಾರೆ?”

ಪೀಠಿಕೆ ಹುಡುಕಿದ. ಮೆಟ್ಟಿಲಿತ್ತು. ಪಡಸಾಲೆಯಿತ್ತು. ಬಾಗಿಲ ಮುಂದಿನ ಜಾಗವಿತ್ತು. ತಿರುವು ಇರಲಿಲ್ಲ. ಸೆಕ್ರೆಟರಿ ಉತ್ಸಾಹದಿಂದ ಕಟ್ಟಡದ ನಿಯಮಾವಳಿ ತಂದು ಓದಿದರು: “‘ಮೆಟ್ಟಿಲ ಮೇಲೆ ಏನನ್ನೂ ಇಡತಕ್ಕದ್ದಲ್ಲ. ಮಹಡಿಯಲ್ಲಿ ಬಾಗಿಲ ಮುಂದಿನ ಜಾಗ ಆಯಾ ಮನೆಯವರದ್ದು.’” ಓದಿ, ಕಾಲ ಕೆಳಗೆ ನೋಡಿಕೊಂಡರು. ತಾವು ನಿಂತಿದ್ದದ್ದು ಮೆಟ್ಟಿಲೂ ಅಲ್ಲ, ಮಹಡಿಯೂ ಅಲ್ಲ.

‘ಯಾರೂ ಹೇಳದೆ ಬಿಟ್ಟದ್ದು’ ಎಂಬ ಹಾಳೆಯ ಕೆಳಗೆ ಮೊದಲ ಬಾರಿಗೆ ಒಂದು ಚೀಟಿ ಬಿತ್ತು: ‘ತಿರುವು.’

“ತೀರ್ಪು ನಾಳೆ ನಾಲ್ಕಕ್ಕೆ” ಎಂದು ಕ್ಲರ್ಕು ಕುರ್ಚಿ ಮಡಚಿದರು. ಪೀಠಿಕೆ ನಿಜ ಹೇಳೋಣವೆಂದು ಬಾಯಿ ತೆರೆದ. “ಮೊದಲನೆಯದಾಗಿ...” ಅಂದ. ಅಷ್ಟರಲ್ಲಿ ಎಲ್ಲರೂ ಅವರವರ ಮನೆ ಸೇರಿದ್ದರು. ಗೋಡೆಯ ಮೇಲಿನದನ್ನು ನಕಲು ಮಾಡುವುದನ್ನು ನಾಳೆಗೆ ಇಟ್ಟುಕೊಂಡ.

ಸೋಮವಾರ ಮಧ್ಯಾಹ್ನ ಎರಡು ಗಂಟೆ. ಪೀಠಿಕೆ ಕಾಗದ-ಪೆನ್ನು ಹಿಡಿದು ಗೋಡೆಯೆದುರು ನಕಲು ಮಾಡಲು ಕೂತಿದ್ದ. ಬೆಳಿಗ್ಗೆಯಿಂದ ಬರೆದದ್ದು ಅರ್ಧ ಪುಟ, ಅದರಲ್ಲಿ ಗುಹೆಯೇ ಜಾಸ್ತಿ. ಆಗ ಭಾರವಾದ ಬೂಟಿನ ಸದ್ದು ಮೇಲೆ ಬಂತು. ಅಗ್ನಿಶಾಮಕ ಕಚೇರಿಯ ಇನ್ಸ್‌ಪೆಕ್ಟರು.

ತೀರ್ಪಿಗೆ ಕಾದಿದ್ದ ಸೆಕ್ರೆಟರಿ, ಕ್ಲರ್ಕು, ಟೈಲರಮ್ಮ ಸುತ್ತ ನೆರೆದರು. ಆತ ಟೇಪು ಹಿಡಿದು ತಿರುವಿನ ಅಗಲ ಅಳೆದ. ಯಂತ್ರ ಬಿಟ್ಟು ಉಳಿದ ಜಾಗ ಅಳೆದ. “ಇದು ಓಕೆ. ದಾರಿ ಇದೆ.” ಟೈಲರಮ್ಮ ಉಸಿರು ಬಿಟ್ಟಳು. ಮೇಲೆ ಹೋಗಿ ನೋಡಿ ಬಂದ. “ಪೆಟ್ಟಿಗೆ ತೆಗೀಬೇಕು, ಸೈಕಲ್ ತೆಗೀಬೇಕು.” ಆಮೇಲೆ ಗೋಡೆಯ ಕಡೆ ತಿರುಗಿದ. ನೂರ ನಲವತ್ತು ಕಾಗದ, ದಾರ, ಕೆಳಗೆ ಹೊಲಿಗೆ ಯಂತ್ರದ ವೈರು. ಅವನ ಮುಖ ಬದಲಾಯಿತು.

“ಮೆಟ್ಟಿಲ ದಾರೀಲಿ ಇಷ್ಟೊಂದು ಪೇಪರ್ರಾ? ಒಂದು ಕಿಡಿ ಸಾಕಲ್ರೀ! ಇದು ಯಾವ ಕಚೇರಿದು?”

ಎಲ್ಲರ ಬೆರಳೂ ಪೀಠಿಕೆಯ ಕಡೆ ತಿರುಗಿದವು.

“ಸರ್, ಮನುಷ್ಯ ಅಲೆಮಾರಿಯಾಗಿದ್ದಾಗ...”

“ಯಾವ ಕಚೇರಿ ಅಂತ ಕೇಳ್ದೆ.”

“ಬೆಂಕಿಯ ಬಳಕೆಯಿಂದಲೇ ಶುರುಮಾಡಿದರೂ...”

ಮೇಲಿಂದ ಅಕ್ಕ ಕಟಾಂಜನದ ಮೇಲೆ ಬಗ್ಗಿ ಕೂಗಿದಳು: “ಕಚೇರಿನೂ ಇಲ್ಲ ಮಣ್ಣೂ ಇಲ್ಲ ರೀ! ಅದು ಅವನ ಪಿಎಚ್.ಡಿ.ದು! ನಾಲ್ಕು ಗಂಟೆಗೆ ಕೊಡ್ಲಿಲ್ಲ ಅಂದ್ರೆ ಹೆಸರು ಹೊಡೆದು ಹಾಕ್ತಾರೆ!”

ಮೂರು ದಿನದಿಂದ ಒಂದು ಕಟ್ಟಡವನ್ನೇ ಕುಣಿಸಿದ ತಪ್ಪು ತಿಳುವಳಿಕೆ ಒಂದೇ ಉಸಿರಿನಲ್ಲಿ ಮುಗಿಯಿತು. ಸೆಕ್ರೆಟರಿ ಗೋಡೆಗೆ ಒರಗಿದರು. ಕ್ಲರ್ಕು ಪೆನ್ನಿಗೆ ಮುಚ್ಚಳ ಹಾಕಿದರು. ಟೈಲರಮ್ಮ ನಿಧಾನವಾಗಿ ಕೇಳಿದಳು: “ಅಂದ್ರೆ, ಮೂರು ದಿನ ನಾವೆಲ್ಲ ಕೂತು ನಿನ್ನ ಹೋಂವರ್ಕ್ ಮಾಡಿದ್ವಾ?”

ಪೀಠಿಕೆ ತಲೆಯಾಡಿಸಿದ. ಅದಕ್ಕೆ ಹಿನ್ನೆಲೆ ಬೇಕಿರಲಿಲ್ಲ.

“ಯಾರದ್ದಾದ್ರೂ ಆಗ್ಲಿ, ಹತ್ತು ನಿಮಿಷದಲ್ಲಿ ಖಾಲಿ ಆಗ್ಬೇಕು” ಅಂದ ಇನ್ಸ್‌ಪೆಕ್ಟರು.

ಫೋಟೋ ತೆಗೆದು ಕಳಿಸೋಣವೆಂದ ಭಾವ. ಸುದ್ದಿ ಕೇಳಿ ಅವನು ಪೆಟ್ಟಿಗೆ ಉಳಿಸಲು ಅಂಗಡಿಯಿಂದ ಓಡಿ ಬಂದಿದ್ದ. ಅಕ್ಕ ವಿಭಾಗಕ್ಕೆ ಫೋನು ಮಾಡಿದಳು. ಅತ್ತಲಿನ ಗುಮಾಸ್ತ, “ಫೋಟೋ ನಡೆಯಲ್ಲ, ಕೈಗೆ ಕೊಡುವಂಥದ್ದು ಬೇಕು” ಅಂದ. ಚೀಟಿ ಕಿತ್ತು ಚೀಲಕ್ಕೆ ತುಂಬಿದರೆ ಯಾವುದು ಎಡ, ಯಾವುದು ಬಲ, ಯಾರಿಗೆ ಯಾರ ಮೇಲೆ ಜಗಳ ಎಲ್ಲ ಕಲಸಿಹೋಗುತ್ತದೆ. ಪೀಠಿಕೆ ಗೋಡೆಯನ್ನು ನೋಡುತ್ತ ನಿಂತ. ಅವನಿಗೆ ಗೋಡೆಯ ನಡುವೆ ಸ್ಟೂಲು ಕಾಣುತ್ತಿತ್ತು.

ಟೈಲರಮ್ಮ ಅವನನ್ನು ನೋಡಿದಳು. ಸಿಟ್ಟು ಇಳಿದಿರಲಿಲ್ಲ. ಆದರೆ ಅರ್ಧ ಮಾಡಿದ ಕೆಲಸ ಕಂಡರೆ ಅವಳಿಗೆ ಇನ್ನೂ ಹೆಚ್ಚು ಸಿಟ್ಟು. ಕೆಳಗೆ ತನ್ನ ಮನೆಗೆ ಹೋಗಿ ಕಪಾಟಿನಿಂದ ಬಿಳಿ ಲೈನಿಂಗ್ ಬಟ್ಟೆಯ ಥಾನು ತಂದು ಯಂತ್ರದ ಮೇಲೆ ಹಾಸಿದಳು.

“ರಾಯರೇ, ಎಡಗಡೆಯಿಂದ ಒಂದೊಂದಾಗಿ ಕಿತ್ತು ಕೊಡಿ. ನಂಬರ್ ಹೇಳಿ ಕೊಡಿ. ನೀನು ದಾರ ಹಿಡ್ಕೋ, ಸಿಕ್ಕು ಮಾಡ್ಬೇಡ. ಮಾತಾಡ್ಬೇಡ, ಅದು ಮುಖ್ಯ.”

“ಒಂದು!” ಅಂದರು ಕ್ಲರ್ಕು, ಸಾಕ್ಷಿಯನ್ನು ಕೂಗುವ ದನಿಯಲ್ಲಿ. “ಎರಡು! ಮೂರು!”

ಯಂತ್ರ ಕಟಕಟ ಓಡಿತು. ಒಂದು ಸಾಲಿಗೆ ಒಂದು ಉದ್ದ ಹೊಲಿಗೆ, ಅದರ ಕೆಳಗೆ ಇನ್ನೊಂದು. ಜಗಳವಿದ್ದ ಕಡೆ ಕೆಂಪು ದಾರದ್ದೇ ಟಾಕು. ಸೆಕ್ರೆಟರಿ ಬಲಗಡೆಯ ಚೀಟಿಗಳು ತಮ್ಮ ಕಡೆಯವೆಂದು ಅವನ್ನು ಯಾರಿಗೂ ಮುಟ್ಟಗೊಡದೆ ತಾವೇ ಕಿತ್ತು ತಂದರು. ಬಟ್ಟೆ ಮೆಟ್ಟಿಲ ಮೇಲೆ ಇಳಿಯುತ್ತ ಹೋದಂತೆ ತುದಿ ಹಿಡಿಯಲು ಯಾರೂ ಇರಲಿಲ್ಲ. ಇನ್ಸ್‌ಪೆಕ್ಟರು ಗಡಿಯಾರ ನೋಡಿಕೊಂಡು, ಗೊಣಗಿ, ತಾನೇ ಹಿಡಿದ. ಹತ್ತು ನಿಮಿಷ ಐವತ್ತಾಯಿತು. ಆತ ಕೇಳಲಿಲ್ಲ. ಅರವತ್ತೆರಡನೇ ಚೀಟಿ ಓದುತ್ತಿದ್ದ.

ಮೂರೂ ಹತ್ತಕ್ಕೆ ಹನ್ನೆರಡು ಅಡಿ ಉದ್ದದ ರೂಪರೇಷೆ ಸುರುಳಿಯಾಗಿ ಪೀಠಿಕೆಯ ಹೆಗಲೇರಿತು. “ಹತ್ತೋ ಗಾಡಿ” ಅಂದ ಭಾವ. ನಲ್ಲಿ-ಪೈಪು ಸಾಗಿಸುವ ಸ್ಕೂಟರಿನಲ್ಲಿ ಉದ್ದನೆಯ ವಸ್ತು ಸಾಗಿಸುವುದು ಅವನಿಗೆ ಹೊಸದಲ್ಲ.

ಮೇಡಂ ಸುರುಳಿಯನ್ನು ವಿಭಾಗದ ಪಡಸಾಲೆಯಲ್ಲಿ ಬಿಚ್ಚಿ ಹಾಸಿಸಿದರು. ಚಪ್ಪಲಿ ಬಿಟ್ಟು, ಪಕ್ಕದಲ್ಲಿ ನಡೆಯುತ್ತ ಓದಿದರು. ಕೆಂಪು ದಾರ ಬಂದ ಕಡೆ ನಿಂತರು. ‘ಹಸಿರು. ಐದೇ ಕಟ್ಟಡ. ಮಾಲೀಕರ ಮಾತು ಮಾತ್ರ’ ಎಂಬಲ್ಲಿ ಒಂದು ಸಲ ಕೆಮ್ಮಿದರು. ಹಸಿರು ರಟ್ಟಿನವರು ಮೇಡಂ ಅವರ ಗುರುಗಳು ಎಂಬುದು ಪೀಠಿಕೆಗೆ ಆಮೇಲೆ ತಿಳಿಯಿತು. ಆಗಲೇ ತಿಳಿದಿದ್ದರೆ ಅಲ್ಲೇ ಬೀಳುತ್ತಿದ್ದ.

ತುದಿಗೆ ಬಂದು ಮೇಡಂ ಕೇಳಿದರು: “ಎಲ್ಲರೂ ಇದ್ದಾರೆ. ನೀನೆಲ್ಲಿ? ಒಂದೇ ವಾಕ್ಯದಲ್ಲಿ ಹೇಳು.”

ಗಡಿಯಾರ ಮೂರೂ ನಲವತ್ತೆಂಟು ತೋರಿಸುತ್ತಿತ್ತು. ಪೀಠಿಕೆ ಉಸಿರೆಳೆದುಕೊಂಡ. ನಾಗರಿಕತೆ ಗಂಟಲವರೆಗೆ ಬಂತು. ಬಾಗಿಲ ಬಳಿ ಹೆಲ್ಮೆಟ್ ಹಿಡಿದು ನಿಂತಿದ್ದ ಭಾವನನ್ನು ನೋಡಿದ. ನಾಗರಿಕತೆಯನ್ನು ನುಂಗಿದ.

“ಮೆಟ್ಟಿಲ ಬಗ್ಗೆ ಎಲ್ಲರೂ ಬರೆದಿದ್ದಾರೆ ಮೇಡಂ, ಮೆಟ್ಟಿಲು ತಿರುಗೋ ಜಾಗ ಯಾರದ್ದು ಅಂತ ಯಾರೂ ಕೇಳಿಲ್ಲ, ನಾನು ಕೇಳ್ತೀನಿ.”

ಮೇಡಂ ಪೆನ್ನು ತೆಗೆದು ಬಟ್ಟೆಯ ಮೂಲೆಯಲ್ಲಿ ಸಹಿ ಹಾಕಿದರು. ಶಾಯಿ ಸ್ವಲ್ಪ ಹರಡಿತು.

ಉಳಿದದ್ದು ಗುಮಾಸ್ತ. ಸುರುಳಿಯನ್ನು ಮುಟ್ಟದೆ ನೋಡಿದ. “ಇದೇನ್ರೀ ಬೆಡ್‌ಶೀಟು? ನಿಯಮ ಇದೆ. ಕ್ರಮಸಂಖ್ಯೆ ಇರ್ಬೇಕು.”

ಇತ್ತು. ಕೆಂಪು ಪೆನ್ನಿನಲ್ಲಿ, ನ್ಯಾಯಾಲಯದ ಅಕ್ಷರದಲ್ಲಿ.

“ಪ್ರತಿ ಮಾತಿಗೂ ಯಾರು ಹೇಳಿದ್ದು, ಯಾವ ವರ್ಷ ಅಂತ ಇರ್ಬೇಕು.”

ಇತ್ತು.

“ಎಡಗಡೆ ಒಂದೂವರೆ ಇಂಚು ಜಾಗ ಬಿಟ್ಟಿರ್ಬೇಕು. ಬೈಂಡಿಂಗಿಗೆ.” ಇದರಲ್ಲಿ ಸಿಕ್ಕಿಬೀಳುತ್ತಾನೆಂದು ಗುಮಾಸ್ತ ಸ್ಕೇಲು ತೆಗೆದ. ಇಟ್ಟ. ಮತ್ತೆ ಇಟ್ಟ. ಸರಿಯಾಗಿ ಒಂದೂವರೆ ಇಂಚು, ಮೇಲಿಂದ ಕೆಳಗಿನವರೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಟೈಲರಮ್ಮ ಹತ್ತು ವರ್ಷದಿಂದ ಯಾವ ಬಟ್ಟೆಗೂ ಅಂಚಿಗೆ ಒಂದೂವರೆ ಇಂಚು ಬಿಡದೆ ಹೊಲಿದವಳಲ್ಲ. ಮುಂದೆ ಬಿಚ್ಚಿ ದೊಡ್ಡದು ಮಾಡಬೇಕಾಗುತ್ತದೆ ಎಂಬುದು ಅವಳ ವಾದ.

ಬಟ್ಟೆಯ ಬಗ್ಗೆ ನಿಯಮದಲ್ಲಿ ಏನೂ ಇರಲಿಲ್ಲ. ಯಾರೂ ಹೇಳದೆ ಬಿಟ್ಟಿದ್ದರು. ಮೂರೂ ಐವತ್ತೇಳಕ್ಕೆ ಗುಮಾಸ್ತ ಮೊಹರು ಒತ್ತಿದ.

ಮಂಗಳವಾರ ಬೆಳಿಗ್ಗೆ ಭಾವ ಪೆಟ್ಟಿಗೆಗಳನ್ನು ಅಂಗಡಿಗೆ ಸಾಗಿಸಿದ. ವಾಪಸು ಬರುವಾಗ ಸ್ಕೂಟರಿನಲ್ಲಿ ಎತ್ತರದ ಸ್ಟೂಲನ್ನು ಕಟ್ಟಿಕೊಂಡು ಬಂದು ತಿರುವಿನಲ್ಲಿ, ಯಂತ್ರದ ಪಕ್ಕ, ದಾರಿಗೆ ಅಡ್ಡವಾಗದಂತೆ ಅಳೆದು ಇಟ್ಟ. “ಮಾಡಿಸಿದ್ದು ದಂಡ ಆಗ್ಬಾರ್ದು. ಕೂತ್ಕೊಂಡು ಬರಿ” ಅಂದ.

ಪೀಠಿಕೆ ಸ್ಟೂಲೇರಿ, ಕಿಟಕಿಯ ಬೆಳಕಿಗೆ ಹಾಳೆ ಹಿಡಿದು, ಪ್ರಬಂಧದ ಮೊದಲ ಅಧ್ಯಾಯ ಶುರುಮಾಡಿದ. ಬರೆಯುತ್ತ ಮೆಲ್ಲಗೆ ತಾನೇ ಓದಿಕೊಂಡ: “ಮನುಷ್ಯನು ಗುಹೆಯನ್ನು ತೊರೆದ ದಿನದಿಂದ...”

ಯಂತ್ರ ನಿಂತಿತು. ಟೈಲರಮ್ಮ ತಲೆಯೆತ್ತದೆ ಕೈ ಮಾತ್ರ ಚಾಚಿದಳು. ಕೈಯಲ್ಲಿ ಕತ್ತರಿಯಿತ್ತು.